ಹೊರಸು ರಿಪೇರಿಗೆ ಹೋದವನು

ನಮ್ಮ ಮನೆಯಲ್ಲಿ ಯಾರೂ ಯಾವ ಮಾತನ್ನೂ ಒಂದೇ ಸಲಕ್ಕೆ ನಂಬುತ್ತಿರಲಿಲ್ಲ. ಎಮ್ಮೆ ಈ ಹೊತ್ತು ಹಾಲು ಕಡಿಮೆ ಕೊಟ್ಟಿತು ಎಂದು ಹಾಲಿನವಳು ಹೇಳಿದರೆ, ನನ್ನ ಅವ್ವನ ತಾಯಿ ಗಂಗವ್ವ, ನಾವೆಲ್ಲ ಆಯಿ ಎನ್ನುತ್ತಿದ್ದೆವು, ಎದ್ದು ಹೋಗಿ ಎಮ್ಮೆಯ ಕೆಚ್ಚಲನ್ನೇ ನೋಡಿ ಬರುತ್ತಿದ್ದಳು. ಹಳೇ ಕೊಲ್ಹಾರದಲ್ಲಿ ಅವಳದೊಂದು ಖಾನಾವಳಿ ಇತ್ತು. ಮುಂದಿನ ಪಡಸಾಲೆಯಲ್ಲಿ ಗಿರಾಕಿಗಳ ಊಟ, ನಡುಮನೆಯಲ್ಲಿ ನಮ್ಮ ವಾಸ, ಹಿಂದೆ ಹೊಗೆಯಿಂದ ಕರ್ರಗಾದ ಅಡುಗೆಮನೆ. ಅಲ್ಲಿ ಅವ್ವ ಬೆಳಗಿನಿಂದ ರೊಟ್ಟಿ ಬಡಿಯುತ್ತಿದ್ದಳು. ಆಯಿ ಬಾಗಿಲ ಬಳಿ ಕೂತು, ಬಂದವರು ಎಷ್ಟು ರೊಟ್ಟಿ ತಿಂದರು ಎನ್ನುವುದಕ್ಕಿಂತ, ತಿನ್ನುವಾಗ ಏನು ಮಾತಾಡಿದರು ಎಂಬುದನ್ನು ನೆನಪಿಟ್ಟುಕೊಳ್ಳುತ್ತಿದ್ದಳು. ಅಣೆಕಟ್ಟಿನಿಂದ ಹೊಳೆಯ ನೀರು ಏರಿ ಊರು ಮುಳುಗುತ್ತದೆ ಎಂದು ಸರಕಾರದವರು ಬಂದು ಗೋಡೆಗೆ ಗುರುತು ಹಾಕಿ ಹೋದಾಗಲೂ ಆಯಿ ಅದನ್ನು ಒರೆಸಿ ಹಾಕಿದ್ದಳು.

"ನೀರು ನಮ್ಮ ಹೊಸ್ತಿಲಾ ದಾಟಿ ಒಳಗ ಬರ್ಲಿ. ಆಮ್ಯಾಲ ನೋಡೂಣು, ಖರೇನೋ ಸುಳ್ಳೋ."

ಆ ಹೊಸ್ತಿಲು ನನ್ನ ಮೊಣಕಾಲಿನಷ್ಟು ಎತ್ತರವಿತ್ತು. ಅವ್ವನ ಎಡಗಾಲು ಚಿಕ್ಕಂದಿನಲ್ಲಿ ಜ್ವರ ಬಂದು ಸೊರಗಿತ್ತು. ಒಳಗೆ ಹೊರಗೆ ಓಡಾಡುವಾಗ ಆಕೆ ಗೋಡೆ ಹಿಡಿದು, ಆ ಕಾಲನ್ನು ಕೈಯಿಂದ ಎತ್ತಿ ಆಚೆ ಇಡುತ್ತಿದ್ದಳು. ರೊಟ್ಟಿ ಬುಟ್ಟಿ ಕೈಯಲ್ಲಿದ್ದಾಗ ಎಡವಿ ಬಿದ್ದದ್ದೂ ಉಂಟು. ಬಿದ್ದರೆ ಆಯಿ ಮೊದಲು ರೊಟ್ಟಿ ಎತ್ತುತ್ತಿದ್ದಳು, ಆಮೇಲೆ ಮಗಳನ್ನು. ಪ್ರೀತಿ ಇರಲಿಲ್ಲವೆಂದಲ್ಲ. ಪ್ರೀತಿ ತೋರಿಸಿದರೆ ಜನ ಅದನ್ನು ಉಪಯೋಗಿಸಿಕೊಳ್ಳುತ್ತಾರೆ ಎಂಬ ಸಂಶಯ ಆಕೆಗೆ ತನ್ನ ಮಗಳ ಮೇಲೂ ಇತ್ತು.

ಅಪ್ಪ ಈ ಮನೆಗೆ ಬಂದದ್ದು ಊಟಕ್ಕೆ. ಹೊನ್ನಾವರದ ಕಡೆಯ ಬಡಿಗ. ದೋಣಿ ಕಟ್ಟುವ ನಾಲ್ಕು ಜನರ ಜೊತೆ ನಮ್ಮ ಹೊಳೆಗೆ ಬಂದಿದ್ದನಂತೆ. ಉಳಿದವರು ಕೆಲಸ ಮುಗಿಸಿ ತಮ್ಮೂರಿಗೆ ಹೋದರು, ಇವನು ಉಳಿದ. ಮೊದಲ ದಿನ ಕಟಕಟಿ ರೊಟ್ಟಿಯನ್ನು ಕೈಯಲ್ಲಿ ಹಿಡಿದು ಎರಡೂ ಕಡೆ ತಿರುಗಿಸಿ ನೋಡಿದನಂತೆ.

"ಇದು ತಿನ್ನೂದಾ ಅಮ್ಮಾ, ಇಲ್ಲ ಇದಕ್ಕೆ ಮೊಳೆ ಹೊಡೆಯೂದಾ?"

ಒಳಗೆ ಒಲೆಯ ಮುಂದೆ ಕೂತಿದ್ದ ಅವ್ವ ನಕ್ಕಳು. ಆ ನಗು ಕೇಳಿ ಅವನು ಒಳಗೆ ಇಣುಕಿದ. ಇಷ್ಟು ಕತೆಯನ್ನು ಅವ್ವನೇ ನನಗೆ ಹೇಳಿದ್ದು, ಅದೂ ಒಂದೇ ಸಲ. ಆಯಿಯ ಕತೆ ಬೇರೆ. ಕಾಲು ಸೊಟ್ಟ ಇರುವ ಹುಡುಗಿಯನ್ನು ಏನೂ ಕೇಳದೆ ಮದುವೆಯಾಗುತ್ತೇನೆ ಎಂದು ಬಂದವನ ಹಿಂದೆ ಏನೋ ಇರಲೇಬೇಕು. ಊರಲ್ಲಿ ಇನ್ನೊಂದು ಸಂಸಾರ ಇರಬಹುದು, ಇಲ್ಲವೇ ಏನಾದರೂ ಮಾಡಿ ಓಡಿ ಬಂದಿರಬಹುದು, ಏನೂ ಇಲ್ಲವೆಂದರೆ ಎರಡು ಹೊತ್ತಿನ ಊಟಕ್ಕಾದರೂ ಇರಬಹುದು. ಮದುವೆಯಾಗಿ ಹತ್ತು ವರ್ಷ ಅವನು ಅದೇ ಮನೆಯಲ್ಲಿ ಉಂಡ, ಅದೇ ಮನೆಯ ಕಿಟಕಿ ಬಾಗಿಲು ಸರಿ ಮಾಡಿದ. ಆದರೂ ಆಯಿ ಅವನನ್ನು ಅಳಿಯಾ ಎಂದು ಕರೆದದ್ದು ನಾನು ಕೇಳಿಲ್ಲ. "ಆಂವ" ಎನ್ನುತ್ತಿದ್ದಳು. ಆಂವ ಬಂದ, ಆಂವ ಉಂಡ, ಆಂವ ಮಲಗ್ಯಾನ. ಅವನು ಎದುರಿಗೆ ಕೂತಿದ್ದರೂ ಹೀಗೆಯೇ. ಅಪ್ಪ ತಲೆ ತಗ್ಗಿಸಿ ಉಣ್ಣುತ್ತಿದ್ದ. ಊಟ ಆದಮೇಲೆ ನನ್ನ ಕಡೆ ನೋಡಿ ಒಂದು ಕಣ್ಣು ಮುಚ್ಚುತ್ತಿದ್ದ. ನನಗೆ ನಗು ಬರುತ್ತಿತ್ತು, ಆಯಿಗೆ ಅದರ ಮೇಲೂ ಸಂಶಯ.

ಅವನು ಹೋದದ್ದು ಶ್ರಾವಣದಲ್ಲಿ, ನಾನು ಮೂರನೇ ಇಯತ್ತೆಯಲ್ಲಿದ್ದಾಗ. ಆಗ ಈಗಿನ ಉದ್ದನೆಯ ಸೇತುವೆ ಇರಲಿಲ್ಲ. ಹಿನ್ನೀರು ಏರುತ್ತ ಏರುತ್ತ ಹೊಳೆ ಎರಡು ಪಟ್ಟು ಅಗಲವಾಗಿತ್ತು, ಆಚೆ ದಂಡೆಗೆ ಹೋಗಲು ದೋಣಿಯೇ ಗತಿ. ಆ ಬೆಳಿಗ್ಗೆ ಅಪ್ಪ ತಲೆಸ್ನಾನ ಮಾಡಿದ. ಪೆಟ್ಟಿಗೆಯಿಂದ ಮದುವೆಯೊಂದಕ್ಕೆ ಹೊಲಿಸಿದ್ದ ಬಿಳಿ ಅಂಗಿ ತೆಗೆದು ಹಾಕಿಕೊಂಡ. ಗೋಡೆಗೆ ನೇತು ಹಾಕಿದ್ದ ಹತಾರಗಳನ್ನೆಲ್ಲ, ಬಾಚಿ, ಗರಗಸ, ಕೊಡತಿ, ಚಿಕ್ಕದು ದೊಡ್ಡದು ಎಲ್ಲ ಉಳಿ, ಒಂದೊಂದಾಗಿ ಒರೆಸಿ ಗೋಣಿಯ ಚೀಲಕ್ಕೆ ಹಾಕಿದ. ಚೀಲದ ಪಟ್ಟಿಯನ್ನು ಕೊರಳಿಂದ ಬಗಲಿಗೆ ಅಡ್ಡಲಾಗಿ ಹಾಕಿಕೊಂಡ. ಆಯಿ ಬಾಗಿಲಲ್ಲೇ ಕೂತಿದ್ದಳು.

"ಎಲ್ಲಿಗಿ?" ಎಂದು ಗೋಡೆಯನ್ನು ಕೇಳಿದಳು.

"ಆಚೆ ದಂಡೆಲಿ ಒಬ್ಬರದ್ದು ಹೊರಸು ಮುರಿದದೆ. ರಿಪೇರಿ."

ಯಾರದೋ ಮಂಚದ ರಿಪೇರಿ, ಅಷ್ಟೇ ಅವನು ಆಡಿದ ಮಾತು. ಅವ್ವ ಒಳಗಿಂದ ಬರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಗಾಳಿ ಎದ್ದು ಹೊಳೆಯ ನಡುವೆ ದೋಣಿ ಮಗುಚಿತು ಎಂಬ ಸುದ್ದಿ ಬಂತು. ಹೆಚ್ಚಿನವರು ದೋಣಿಯ ಅಂಚು ಹಿಡಿದು ಉಳಿದರು. ಮೂವರು ಸಿಗಲಿಲ್ಲ. ಅದರಲ್ಲಿ ಇಬ್ಬರ ಹೆಣ ಎರಡನೆಯ ದಿನ ಜಾಲಿಕಂಟಿಗೆ ಸಿಕ್ಕಿಕೊಂಡು ಮೇಲೆ ಬಂದವು. ಅಪ್ಪನದು ಬರಲೇ ಇಲ್ಲ. ದೋಣಿಯ ಅಂಬಿಗ, ಬಡಿಗ್ಯಾ ಕೊರಳಾಗಿನ ಚೀಲಾ ಬಿಡ್ಲಿಲ್ರಿ ಎಂದ. ಉಳಿದುಬಂದ ಒಬ್ಬ ಹೆಂಗಸು ಮಾತ್ರ ಆಣೆ ಮಾಡಿ ಹೇಳಿದಳು, ಅವನು ಈಸುತ್ತ ಆಚೆ ದಂಡೆಯ ಕಡೆ ಹೋದದ್ದನ್ನು ತಾನು ಕಂಡೆ ಎಂದು. ಆಯಿಗೆ ಅಷ್ಟು ಸಾಕಾಯಿತು. ಮೂರು ದಿನ ಅತ್ತವಳು ನಾಲ್ಕನೆಯ ದಿನ ಕಣ್ಣೊರೆಸಿಕೊಂಡು ನಡುಮನೆಯಲ್ಲಿ ನಿಂತಳು.

"ಸಮುದ್ರದಾಗ ಈಸಿ ಬೆಳದಾಂವ ನಮ್ಮ ಹೊಳ್ಯಾಗ ಮುಳಗ್ತಾನೇನ? ಒಂದ ಹೊರಸಿಗಿ ಎಷ್ಟ ಹತಾರ ಬೇಕು, ಹೇಳ ನೋಡೂಣು? ಒಂದ ಉಳಿ, ಒಂದ ಸುತಗಿ. ಆಂವ ಗ್ವಾಡಿ ಖಾಲಿ ಮಾಡ್ಯಾನ. ಹೊಸಾ ಅಂಗಿ ಹಾಕ್ಕೊಂಡ್ಯಾನ. ಹೊರಸ ರಿಪೇರಿಗಿ ಯಾರರ ಮದವಿ ಅಂಗಿ ಹಾಕ್ಕೊಂಡ ಹೋಗ್ತಾರೇನ? ಓಡಿ ಹೋಗ್ಯಾನ. ಡೋಣಿ ಮುಳಗಿದ್ದು ಆಂವಗ ಚೊಲೋನ ಆತು."

ಈಗಲೂ ಯೋಚಿಸಿದರೆ ಆಯಿಯ ವಾದದಲ್ಲಿ ಒಂದು ಎಳೆಯೂ ಸಡಿಲವಿಲ್ಲ. ಅವ್ವ ಎದ್ದು ಒಲೆಯ ಮುಂದೆ ಹೋಗಿ ಕೂತಳು. ಹೆಣ ಕಾಣುವತನಕ ಕುಂಕುಮ ಅಳಿಸಬಾರದು, ಬಳೆ ತೆಗೆಯಬಾರದು ಎಂದು ಆಯಿ ಅಪ್ಪಣೆ ಮಾಡಿದಳು. ಅದರಿಂದ ಊರ ಹೆಂಗಸರಿಗೆ ದೊಡ್ಡ ಇಕ್ಕಟ್ಟಾಯಿತು. ಮುತ್ತೈದೆಯರಿಗೆ ಉಡಿ ತುಂಬುವಾಗ ಅವ್ವನ ಎದುರಿಗೆ ಬಂದವರ ಕೈ ಅಲ್ಲೇ ನಿಲ್ಲುತ್ತಿತ್ತು. ಕೆಲವರು ತುಂಬಿದರು, ಕೆಲವರು ಅಕ್ಕಿ ಮುಗಿಯಿತು ಎಂದು ಒಳಗೆ ಹೋಗಿ, ಅವ್ವ ಎದ್ದು ಹೋದಮೇಲೆ ಹೊರಗೆ ಬಂದರು. ಗಂಡ ಸತ್ತವಳಿಗೆ ಒಂದು ಜಾಗ ಇರುತ್ತದೆ, ಗಂಡ ಇರುವವಳಿಗೆ ಒಂದು ಜಾಗ ಇರುತ್ತದೆ. ಅವ್ವ ಎರಡರ ನಡುವೆ ಕಾಲಿಟ್ಟುಕೊಂಡು ನಿಂತಿದ್ದಳು. ನನಗೆ ಇದಕ್ಕಾಗಿ ಅಪ್ಪನ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಸತ್ತಿದ್ದರೆ ಅಳಬಹುದಿತ್ತು. ಬಿಟ್ಟು ಹೋಗಿದ್ದರೆ, ನನ್ನನ್ನೂ ಬಿಟ್ಟು ಹೋದ ಎಂದಾಯಿತಲ್ಲ. ಅದೊಂದನ್ನು ತಿಳಿಯಬೇಕಿತ್ತು ನನಗೆ, ಬೇರೇನೂ ಬೇಕಿರಲಿಲ್ಲ.

ಅಪ್ಪನನ್ನು ಕಂಡವರಿಗೇನೂ ಕಡಿಮೆ ಇರಲಿಲ್ಲ. ಒಬ್ಬರು ಸಿಂದಗಿಯ ಬಸ್ ನಿಲ್ದಾಣದಲ್ಲಿ ಚಹಾ ಕುಡಿಯುವುದನ್ನು ನೋಡಿದರು. ಇನ್ನೊಬ್ಬರಿಗೆ ತಾಳಿಕೋಟೆ ಸಂತೆಯಲ್ಲಿ ಕಂಡ, ಪಕ್ಕದಲ್ಲಿ ಒಬ್ಬ ಹೆಂಗಸು, ಕೈಯಲ್ಲಿ ಕೂಸು. ಬಸವನ ಬಾಗೇವಾಡಿಯಿಂದ ಬಂದ ಗಿರಾಕಿಯೊಬ್ಬ ಎರಡನೆಯ ಸಲ ಸಾರು ಹಾಕಿಸಿಕೊಳ್ಳುವಾಗ, ಅಲ್ಲಿ ಯಾರದೋ ಗಾಡಿಗೆ ಮೂಕಿ ಕೂಡಿಸುತ್ತಿದ್ದ ಎಂದ. ಸುದ್ದಿ ತಂದವರಿಗೆ ಆಯಿ ಗಡಿಗೆ ಮೊಸರು ಧಾರಾಳವಾಗಿ ಹಾಕುತ್ತಾಳೆ ಎಂದು ಗೊತ್ತಾದ ಮೇಲೆ ಅಪ್ಪ ಇನ್ನೂ ಹೆಚ್ಚು ಊರುಗಳಲ್ಲಿ ಕಾಣತೊಡಗಿದ. ಎಲ್ಲರನ್ನೂ ಸಂಶಯದಿಂದ ನೋಡುವ ಆಯಿ ಇವರನ್ನು ಮಾತ್ರ ನಂಬಿದಳು. ಸಂಶಯದವರ ಗತಿಯೇ ಇಷ್ಟು, ತಮ್ಮ ಸಂಶಯದ ಮೇಲೆ ಅವರಿಗೆ ಸಂಶಯ ಬರುವುದಿಲ್ಲ.

ಒಂದು ಸಲ ಇಂಡಿಯಲ್ಲಿ ಅವನಿದ್ದಾನೆ ಎಂಬ ಸುದ್ದಿ ಹಿಡಿದು ಆಯಿ ನನ್ನನ್ನು ಕರೆದುಕೊಂಡು ಬಸ್ಸು ಹತ್ತಿದಳು. ಬುತ್ತಿಗೆ ರೊಟ್ಟಿ, ಶೇಂಗಾ ಹಿಂಡಿ. ಇಂಡಿಯ ಪೇಟೆಯಲ್ಲಿ ನಿಂಬೆಹಣ್ಣಿನ ಚೀಲಗಳು ಸಾಲಾಗಿ ಬಿದ್ದಿದ್ದವು, ಹುಳಿ ವಾಸನೆಗೆ ನನ್ನ ಬಾಯಲ್ಲಿ ನೀರು ಬರುತ್ತಿತ್ತು. ಬಡಿಗನ ಅಂಗಡಿ ಸಿಕ್ಕಿತು. ಒಳಗೆ ಒಬ್ಬ ನಮಗೆ ಬೆನ್ನು ಮಾಡಿ ಹಲಗೆ ಕೀಸುತ್ತಿದ್ದ. ಬೆನ್ನು ಅಪ್ಪನದೇ. ಆಯಿ ಸೆರಗು ಸಿಕ್ಕಿಸಿಕೊಂಡು ಒಂದೇ ಉಸಿರಿಗೆ ಕೂಗಿದಳು.

"ಏ ಹಲ್ಕಟ್ಟ, ಹೆಂಡ್ತಿ ಮಗಳನ್ನ ಹೊಳಿದಂಡ್ಯಾಗ ಬಿಟ್ಟ ಇಲ್ಲಿ ಬಂದ ಕುಂತಿಯೇನ?"

ಅವನು ತಿರುಗಿದ. ಮೀಸೆ ಹುಟ್ಟಿ ವರ್ಷವಾಗಿರಲಿಲ್ಲ, ಪಾಪದ ಹುಡುಗ. ಇನ್ನೂ ಮದುವೆಯೇ ಆಗದವನ ಮೇಲೆ ಬಂದ ಈ ಆಪಾದನೆಗೆ ಅಕ್ಕಪಕ್ಕದ ಅಂಗಡಿಯವರೆಲ್ಲ ನಕ್ಕು ಹೊಟ್ಟೆ ಹಿಡಿದುಕೊಂಡರು. ಆಯಿ ಸೋಲಲಿಲ್ಲ. ಹೊರಗೆ ಬಂದು, ಆಂವ ನಮ್ಮನ್ನ ದೂರದಿಂದ ನೋಡಿ ಜಾಗಾ ಬದಲಿ ಮಾಡ್ಯಾನ ಎಂದಳು. ನಾನು ಬಸ್ಸಿನಲ್ಲಿ ಕಿಟಕಿಗೆ ಮುಖ ಹಚ್ಚಿ ಅತ್ತೆ. ಅವನು ಸಿಕ್ಕಿಬಿಟ್ಟಿದ್ದರೆ ಅವನ ತೊಡೆ ಹಿಡಿದುಕೊಳ್ಳುತ್ತಿದ್ದೆನೋ ಕಚ್ಚುತ್ತಿದ್ದೆನೋ ನನಗೇ ಗೊತ್ತಿರಲಿಲ್ಲ.

ಅದೇ ವರ್ಷದ ಮಹಾನವಮಿ ಅಮಾವಾಸ್ಯೆಯಲ್ಲಿ ಹಿರಿಯರಿಗೆ ಎಡೆ ಇಡುವಾಗ ಮನೆಯಲ್ಲಿ ದೊಡ್ಡ ಜಗಳವಾಯಿತು. ತೀರಿಹೋದವರ ಹೆಸರು ಹೇಳಿ ಒಬ್ಬೊಬ್ಬರಿಗೆ ಒಂದೊಂದು ಎಲೆ. ಅಂದು ಊರಿಂದ ಬಂದಿದ್ದ ಆಯಿಯ ತಂಗಿ, ಇರ್ಲಿ ಬಿಡು ಎಂದು ಅಪ್ಪನ ಹೆಸರಿಗೂ ಒಂದು ಎಲೆ ಹಾಕಿ ಹೋಳಿಗೆ ಬಡಿಸಿದಳು. ಆಯಿ ಬೈಯಲು ಬಾಯಿ ತೆರೆಯುವಷ್ಟರಲ್ಲಿ ಅವ್ವ ಒಳಗಿಂದ ಕಾಲೆಳೆಯುತ್ತ ಬಂದು ಆ ಎಲೆಯನ್ನು ಹೋಳಿಗೆ ಸಮೇತ ಎತ್ತಿ ಹೊರಗೆ ದನದ ಮುಂದೆ ಹಾಕಿಬಿಟ್ಟಳು. ಆಕೆ ಅಷ್ಟು ಜೋರಾಗಿ ನಡೆದದ್ದನ್ನು ನಾನು ಎಂದೂ ಕಂಡಿರಲಿಲ್ಲ. ಆಯಿಗೆ ಬಹಳ ಸಂತೋಷವಾಯಿತು, ಮಗಳಿಗೂ ಕೊನೆಗೆ ಬುದ್ಧಿ ಬಂತು ಎಂದು ಎಲ್ಲರ ಮುಂದೆ ಹೇಳಿದಳು. ಅವ್ವನಿಗೂ ಅಪ್ಪನ ಮೇಲೆ ನನ್ನಷ್ಟೇ ಸಿಟ್ಟಿದೆ ಎಂದು ನಾನೂ ತಿಳಿದುಕೊಂಡೆ.

ಇನ್ನೊಂದು ದಿನದ ಮಾತು. ಕೈಕಾಲಿಗೆಲ್ಲ ಸುಣ್ಣ ಮೆತ್ತಿದ, ಗೋಡೆ ಕಟ್ಟುವ ಒಬ್ಬ ಗೌಂಡಿ ಬಾಗಿಲಿಗೆ ಬಂದು ಬಡಿಗ್ಯಾರ ಮನಿ ಇದೇನ್ರಿ ಎಂದು ಕೇಳಿದ. ಅಪ್ಪನ ಹೆಸರು ಅವನ ಬಾಯಿಂದ ಬಂದದ್ದೇ ತಡ, ಆಯಿ ಬಡಿಗೆ ತಗೊಂಡಳು.

"ಆಂವ ಕಳಿಸ್ಯಾನೇನ ನಿನ್ನ? ಇಲ್ಲಿ ಏನೇನ ಉಳದೈತಿ ನೋಡ್ಕೊಂಡ ಬಾ ಅಂದಾನೇನ? ಹೇಳ, ಆಂವ ಎಲ್ಲಿ ಅದಾನ?"

ಗೌಂಡಿ ಎರಡು ಹೆಜ್ಜೆ ಹಿಂದೆ ಸರಿದು ನನ್ನ ಕಡೆ ಒಮ್ಮೆ ನೋಡಿ ಹೊರಟುಹೋದ. ಓಡಿದ ನೋಡು, ಕುಂಬಳಕಾಯಿ ಕಳ್ಳ ಅಂದ್ರ ಹೆಗಲ ಮುಟ್ಟಿ ನೋಡ್ಕೊಂಡ ಎಂದಳು ಆಯಿ. ಮುಂದಿನ ಮಳೆಗಾಲಕ್ಕೆ ನೀರು ನಿಜವಾಗಿಯೂ ಹೊಸ್ತಿಲು ದಾಟಿತು. ನಾವು ಗಂಟು ಮೂಟೆ ಕಟ್ಟಿ ಹೊಸ ಊರಿಗೆ ಬಂದೆವು. ಆಯಿ ಅಲ್ಲಿಯೇ ತೀರಿಕೊಂಡಳು. ಸಾಯುವಾಗಲೂ ಡಾಕ್ಟರು ಕೊಟ್ಟ ಗುಳಿಗೆಯನ್ನು ಮೂಸಿ ನೋಡಿದ್ದಳು.

ನನಗೆ ಈಗ ನಲವತ್ತರ ಹತ್ತಿರ. ನಾಲತವಾಡದಲ್ಲಿ ಶಾಲೆ ಕಲಿಸುತ್ತೇನೆ, ಮುದ್ದೇಬಿಹಾಳದಲ್ಲಿ ವಾಸ, ಅವ್ವ ನನ್ನ ಜೊತೆಗಿದ್ದಾಳೆ. ಆಯಿಯ ಗುಣ ನನಗೆ ಪೂರಾ ಇಳಿದಿದೆ. ಮಕ್ಕಳು ಹೊಟ್ಟೆನೋವು ಎಂದರೆ ಯಾವ ಬದಿ ಎಂದು ಎರಡು ಸಲ, ಬೇರೆ ಬೇರೆ ಹೊತ್ತಿಗೆ ಕೇಳುತ್ತೇನೆ. ಗಂಡ ಬರಲು ತಡವಾದರೆ ಕಾರಣ ಕೇಳುವುದಿಲ್ಲ, ಚಪ್ಪಲಿಗೆ ಹತ್ತಿದ ಮಣ್ಣು ನೋಡುತ್ತೇನೆ. ಅವನಿಗೆ ಇದು ತಮಾಷೆ. ನಿನ್ನನ್ನ ಪೊಲೀಸ್ರಾಗ ತಗೋಬೇಕಿತ್ತು ಎನ್ನುತ್ತಾನೆ. ಬಿಟ್ಟುಹೋಗುವವರು ಮುಂಚೆ ಹೇಳಿ ಹೋಗುವುದಿಲ್ಲ ಎಂಬುದನ್ನು ಒಂಬತ್ತು ವರ್ಷಕ್ಕೇ ಕಲಿತವಳ ಪಾಡು ಅವನಿಗೆ ಹೇಗೆ ತಿಳಿಯಬೇಕು?

ಹೋದ ವರ್ಷ ಮುದ್ದೇಬಿಹಾಳದಲ್ಲಿ ಸ್ವಂತ ಮನೆ ಕಟ್ಟಿಸಲು ಹಿಡಿದೆವು. ತಲಬಾಗಿಲ ಚೌಕಟ್ಟು ನಿಲ್ಲಿಸುವ ದಿನ ನಮ್ಮ ಬಡಿಗ ಸ್ನಾನ ಮಾಡಿ, ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬಂದ. ಚೀಲ ಬಿಚ್ಚಿ ಇದ್ದಬದ್ದ ಹತಾರವನ್ನೆಲ್ಲ ಚೌಕಟ್ಟಿನ ಮುಂದೆ ಸಾಲಾಗಿ ಇಟ್ಟ. ಅಭ್ಯಾಸಬಲದಿಂದ ನನಗೆ ಸಂಶಯ ಬಂತು.

"ಚೌಕಟ್ಟ ಆಗಲೇ ತಯಾರೈತಲ್ಲೋ ತಮ್ಮಾ. ಬರೇ ಎತ್ತಿ ನಿಲ್ಲಿಸಾಕ ಇಷ್ಟೆಲ್ಲಾ ಹತಾರ ಯಾಕ?"

"ಕೆಲಸಕ್ಕಲ್ರಿ ಅಕ್ಕಾರ, ಪೂಜಿಗ್ರಿ. ಚೌಕಟ್ಟ ನಿಲ್ಲಿಸೋ ದಿನಾ ಬಡಿಗ್ಯಾ ತನ್ನ ಒಂದ ಹತಾರಾನೂ ಮನ್ಯಾಗ ಬಿಟ್ಟ ಬರಬಾರದ್ರಿ. ಹೊಸಾ ಅರಿವಿ ಉಟ್ಕೊಂಡ ಬರಬೇಕ್ರಿ. ನಮ್ಮ ಮಂದ್ಯಾಗ ಇದೊಂದ ದಿನಾ ನೋಡ್ರಿ, ಹಿಂಗ ಹೊರಡೋದು."

ನಾನು ಅಲ್ಲಿಯೇ ಇಟ್ಟಿಗೆ ರಾಶಿಯ ಮೇಲೆ ಕೂತೆ. ಬಿಳಿ ಅಂಗಿ. ಖಾಲಿಯಾದ ಗೋಡೆ. ಆಯಿಯ ಪ್ರಶ್ನೆಗೆ ಉತ್ತರ ಸಿಕ್ಕಿತ್ತು, ಅಪ್ಪ ಹೋದದ್ದು ಚೌಕಟ್ಟು ನಿಲ್ಲಿಸಲು. ಹಾಗಾದರೆ ಹೊರಸು ಎಂದು ಸುಳ್ಳು ಯಾಕೆ ಹೇಳಿದ? ಒಬ್ಬರ ಮನೆಯ ಚೌಕಟ್ಟು ನಿಲ್ಲಿಸುವುದರಲ್ಲಿ ಮುಚ್ಚಿಡುವಂಥದ್ದೇನಿದೆ? ಆ ಮನೆ ಯಾವುದು, ಅಲ್ಲಿ ಯಾರಿದ್ದರು? ತಾಳಿಕೋಟೆ ಸಂತೆಯ ಹೆಂಗಸು, ಕೈಯಲ್ಲಿನ ಕೂಸು, ಎಲ್ಲ ಮತ್ತೆ ಎದ್ದು ಬಂದವು.

ಮುಂದಿನ ರವಿವಾರ ಯಾರಿಗೂ ಹೇಳದೆ ಆಚೆ ದಂಡೆಗೆ ಹೋದೆ. ಬಸ್ಸು ಸೇತುವೆಯ ಮೇಲೆ ಹೋಗುವಾಗ ಕೆಳಗೆ ನೀರನ್ನು ನೋಡಲಿಲ್ಲ. ಆ ಶ್ರಾವಣದಲ್ಲಿ ದೋಣಿ ಮುಳುಗಿದ ದಿನ ಯಾರ ಮನೆಯ ಚೌಕಟ್ಟು ನಿಲ್ಲಿಸುವುದಿತ್ತು ಎಂದು ಮುದುಕರನ್ನು ಕೇಳುತ್ತ ಹೋದೆ. ಮೂರನೆಯ ಊರಿನಲ್ಲಿ, ಹಾಗಾದ್ರ ರಾಜೇಸಾಬನ್ನ ಕೇಳ್ರಿ, ಆಗ ಈ ಭಾಗಕ್ಕೆಲ್ಲಾ ಅವನೊಬ್ಬನ ಗೌಂಡಿ ಎಂದರು. ಅವನು ಮನೆಯ ಹೊರಗೆ ಬೇವಿನ ಗಿಡದ ಕೆಳಗೆ ಕೂತಿದ್ದ. ಎಂಬತ್ತರ ಮೇಲಿನ ವಯಸ್ಸು, ಕಣ್ಣಲ್ಲಿ ಪೊರೆ. ಅಪ್ಪನ ಹೆಸರು ಹೇಳಿದೆ. ಅವನು ಕಣ್ಣು ಕಿರಿದು ಮಾಡಿ ನನ್ನ ಮುಖದ ಹತ್ತಿರ ಬಾಗಿದ.

"ನೀ ಆ ಬಾಗಿಲದಾಗ ನಿಂತಿದ್ದ ಕೂಸೇನವಾ? ಒಮ್ಮಿ ಬಂದಿದ್ದೆ. ನಿಮ್ಮ ಆಯಿ ಬಡಿಗಿ ತಗೊಂಡ್ಳು. ಹೆಣ್ಣಮಕ್ಕಳ ಮನಿ, ಮತ್ತೊಮ್ಮಿ ಹ್ಯಾಂಗ ಬರ್ಲಿ? ಆಮ್ಯಾಲ ಕೆಲಸಾ ಹುಡಿಕ್ಕೊಂಡ ಗೋವಾಕ್ಕ ಹೋಗ್ಬಿಟ್ಟೆ."

"ಅವತ್ತ ಯಾರ ಮನಿ ಚೌಕಟ್ಟ ಇತ್ರಿ ಕಾಕಾ?"

"ಅಂವಂದ. ಮತ್ಯಾರದು? ಅಗೋ ಆ ದಿನ್ನಿ ಮ್ಯಾಲ ಎರಡ ಅಂಕಣದ್ದು. ಗ್ವಾಡಿ ನಂದು, ಕಟಗಿ ಕೆಲಸಾ ಅಂವಂದು. ಚೌಕಟ್ಟ ನಿಲ್ಲಿಸಿದ ಮ್ಯಾಲ ಹೆಂಡ್ತಿ ಮಗಳನ್ನ ಕರಕೊಂಡ ಬಂದ ತೋರಸ್ತೇನಿ, ಅಲ್ಲೀತನಾ ಬಾಯಿ ಬಿಡಬ್ಯಾಡ ಅಂದಿದ್ದ."

ನಾನು ಗಂಗವ್ವನ ಮೊಮ್ಮಗಳು, ಇಷ್ಟಕ್ಕೇ ನಂಬಲಿಲ್ಲ. ಮುದುಕರು ಬಂದವರ ಮನಸ್ಸಿಗೆ ಹಿತವಾಗುವ ಕತೆ ಹೇಳುವುದುಂಟು. ಆ ಮನೆಯಲ್ಲಿ ಇರಲು ಬೇರೆ ಯಾರಾದರೂ ಇದ್ದರೇನೋ ಎಂದು ನೇರವಾಗಿಯೇ ಕೇಳಿದೆ. ರಾಜೇಸಾಬ್ ಸಿಟ್ಟಾಗಲಿಲ್ಲ.

"ಚೌಕಟ್ಟಿಗಿ ಕೆಳಗಿನ ಅಡ್ಡಪಟ್ಟಿ ಅಗದಿ ತೆಳ್ಳಗ ಮಾಡಿದ್ದ. ಇದೇನೋ ಮಾರಾಯಾ, ಹೊಸ್ತಿಲ ಇಲ್ಲದಂಗ ಆತು, ಮಳಿ ನೀರ ಒಳಗ ಬರ್ತೈತಿ ಅಂತ ಜಗಳಾ ತಗದೆ. ನೀರ ಬಂದ್ರ ಬರ್ಲಿ, ನಮ್ಮವಳಿಗೆ ಕಾಲು ಎತ್ತಲಿಕ್ಕೆ ಆಗೂದಿಲ್ಲ ಅಂದ."

ಆಮೇಲೆ ನಾನು ಕೇಳಬೇಕಾದ್ದು ಒಂದೇ ಉಳಿದಿತ್ತು. ಅವನು ಈಸುತ್ತ ಈ ದಂಡೆಗೆ ಬಂದದ್ದನ್ನು ಕಂಡವರಿದ್ದರಲ್ಲ, ಎಂದೆ.

"ಈ ದಂಡ್ಯಾಗ ನಾ ಇದ್ನೆಲ್ಲವಾ, ಕಾಯಿ ಕರ್ಪೂರಾ ಹಿಡಕೊಂಡು. ಕತ್ತಲಾಗೋತನಾ ಇದ್ದೆ. ಬಂದಿದ್ರ ನನ್ನ ಕಡೆನ ಬರ್ತಿದ್ದ."

ಗೋಡೆ ಮಳೆಗೆ ಕರಗಿತು, ಚೌಕಟ್ಟು ಗೆದ್ದಲಿಗೆ ಹೋಯಿತು, ತೋರಿಸಲು ಏನೂ ಇಲ್ಲ ಎಂದ. ನನಗೆ ಏನೂ ಬೇಕಿರಲಿಲ್ಲ. ಬಸ್ಸಿನಲ್ಲಿ ಬರುವಾಗ ನಾಚಿಕೆಯಿಲ್ಲದೆ ಅತ್ತೆ. ಮೂವತ್ತು ವರ್ಷ ನಾನು ಬೈದುಕೊಂಡ ಮನುಷ್ಯ ನನ್ನನ್ನು ಬಿಟ್ಟು ಹೋಗಿರಲಿಲ್ಲ. ಊರಲ್ಲಿ ತಲೆ ತಗ್ಗಿಸಿ ಬದುಕಿದ ಅವ್ವನಿಗೆ ಅವಳ ಮಾನವನ್ನು ತಿರುಗಿ ತಂದುಕೊಡುತ್ತಿದ್ದೇನೆ ಎಂಬ ಹಿಗ್ಗಿನಲ್ಲಿ ಮನೆಗೆ ಬಂದೆ.

ಅವ್ವ ಮೆಣಸಿನಕಾಯಿ ತೊಟ್ಟು ಮುರಿಯುತ್ತ ಕೂತಿದ್ದಳು. ಒಂದೂ ಬಿಡದೆ ಹೇಳಿದೆ. ಅಂಗಿಯ ಮಾತು ಹೇಳಿದೆ, ಹತಾರದ ಪೂಜೆ ಹೇಳಿದೆ, ತೆಳ್ಳನೆಯ ಹೊಸ್ತಿಲು ಹೇಳಿದೆ. ಆಕೆಯ ಮುಖದಲ್ಲಿ ಬೆಳಕು ಬರುತ್ತದೆ ಎಂದು ಕಾಯುತ್ತಿದ್ದೆ. ಆಕೆ ಕೈ ನಿಲ್ಲಿಸಿದಳು, ಅಷ್ಟೇ.

"ಒಲಿ ಯಾವ ಕಡೆ ಇಟ್ಟಿದ್ದನಂತ?"

ಕೇಳಲಿಲ್ಲ ಎಂದೆ. ಅವ್ವ ತಲೆಯಾಡಿಸಿದಳು.

"ಹಿಂದಿನ ರಾತ್ರಿ ನಾನ ಅಂದಿದ್ದೆ. ಹೆಂಡ್ತಿ ತವರಮನ್ಯಾಗ ಇನ್ನೂ ಎಷ್ಟ ವರ್ಷ ಉಣ್ತಿ, ನಾಚಿಕಿ ಇಲ್ಲೇನ, ಗಂಡಸಾದ್ರ ನಿನ್ನ ಬಾಗಲಾ ತೋರಸು ಅಂತ. ಅದಕ್ಕ ಮುಂಜಾನಿ ನಾ ಹೊರಗ ಬರ್ಲಿಲ್ಲ. ನಿಮ್ಮ ಆಯಿ ಓಡಿ ಹೋಗ್ಯಾನ ಅಂದಾಗ ನನಗ ಜೀವಾ ಬಂದಂಗ ಆತು."

"ಯವ್ವಾ, ಆಂವ ಓಡಿ ಹೋಗಿಲ್ಲ. ಅದನ್ನ ನಿನಗ ಹೇಳಾಕತ್ತೇನಿ."

"ಗೊತ್ತಾತವಾ. ಇಷ್ಟ ವರ್ಷ ಆಂವ ಎಲ್ಲೋ ಒಂದ ಊರಾಗ ಯಾವಾಕೀನೋ ಕಟ್ಕೊಂಡ, ಹೊಟ್ಟಿ ತುಂಬ ಉಂಡ, ಮಲಗ್ಯಾನಂತ ದಿನಾ ಬೈತಿದ್ದೆ. ಬೈಯಾಕರ ಇದ್ದ. ನೀ ಇವತ್ತ ಹೋಗಿ ಆಂವನ್ನ ಮುಳುಗಿಸಿ ಬಂದಿ."